ಹಸಿರು ಚುಕ್ಕೆ ಇಡುವವಳು

ನಮ್ಮ ಕಾರ್ಖಾನೆಯಲ್ಲಿ ಹಸಿರು ಚುಕ್ಕೆ ಇಡುವ ಅಧಿಕಾರ ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬಳು ನಾನು, ಇನ್ನೊಬ್ಬಳು ನನ್ನ ಪಕ್ಕದ ಮೇಜಿನವಳು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಪೀಣ್ಯ ಎರಡನೇ ಹಂತದ ಗಲ್ಲಿಯೊಂದರಲ್ಲಿ ಶೀಟು ಹೊದಿಸಿದ ಶೆಡ್ಡು, ಹತ್ತು ಲೇತು, ಮೂಲೆಯಲ್ಲಿ ನಮ್ಮಿಬ್ಬರ ಮೇಜು. ಲೇತಿನಿಂದ ಬರುವ ಉಕ್ಕಿನ ಬುಷ್‌ಗಳನ್ನು ನಾವು ಪರೀಕ್ಷಿಸಬೇಕು. ಬುಷ್ ಎಂದರೆ ಹೆಬ್ಬೆರಳಿನಷ್ಟು ಉದ್ದದ ದಪ್ಪ ಕೊಳವೆ. ಅದರ ತೂತಿನ ಅಳತೆ ನೋಡಲು ಗೇಜ್ ಎಂಬ ಎರಡು ತುದಿಯ ಕಡ್ಡಿ ಇರುತ್ತದೆ. ಒಂದು ತುದಿ ಸಲೀಸಾಗಿ ಒಳಗೆ ಹೋಗಬೇಕು. ತಿರುಗಿಸಿ ಹಿಡಿದರೆ ಇನ್ನೊಂದು ತುದಿ ಹೋಗಲೇಬಾರದು. ಸರಿ ಇದ್ದ ಪೀಸಿಗೆ ಹಸಿರು ಬಣ್ಣದ ಚುಕ್ಕೆ, ಸರಿ ಇಲ್ಲದ್ದು ನಮ್ಮಿಬ್ಬರಲ್ಲಿ ನೋಡಿದವಳ ಕೆಂಪು ಡಬ್ಬಿಗೆ. ಸಂಜೆ ಯಾರ ಡಬ್ಬಿಗೆ ಎಷ್ಟು ಬಿದ್ದವು ಎಂದು ರಿಜಿಸ್ಟರಿನಲ್ಲಿ ಬರೆಯುವುದು ರೂಢಿ.

ಅದೇ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಇತ್ತು. ನಾವು ಹಸಿರು ಚುಕ್ಕೆ ಇಟ್ಟ ಪೀಸು ಕೆಟ್ಟದ್ದೆಂದು ಗಿರಾಕಿ ಕಂಪನಿಯಿಂದ ವಾಪಸ್ ಬಂದರೆ ಅಲ್ಲಿ ಹೆಸರು ಸಮೇತ ದಾಖಲಾಗುತ್ತಿತ್ತು. ಹದಿನೇಳು ವರ್ಷದಲ್ಲಿ ನನ್ನ ಹೆಸರಿನ ಮುಂದೆ ಆ ಕಾಲಂ ಖಾಲಿ. ಇದನ್ನು ನಾನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ಮನೆಯಲ್ಲಿ ಗಂಡ ಸಾರಿಗೆ ಉಪ್ಪು ಜಾಸ್ತಿ ಎಂದರೆ, "ನನ್ನ ಕೈಯಿಂದ ತಪ್ಪು ಪೀಸು ಹೊರಗ ಹೋಗೂದಿಲ್ಲ, ನಾಲಿಗಿ ತೋರಿಸಿಕೊಂಡು ಬರ್ರಿ" ಎನ್ನುತ್ತಿದ್ದೆ. ನಾವು ಹಾವೇರಿ ಕಡೆಯವರು. ಜಂಬವನ್ನೂ ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳುವ ಜನ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಸರ್ವೀಸ್ ರಸ್ತೆಯಲ್ಲಿ ಟೆಂಪೋ ಒಂದು ನನ್ನ ಸ್ಕೂಟರಿಗೆ ಹಿಂದಿನಿಂದ ಗುದ್ದಿ ನಿಲ್ಲದೆ ಹೋಯಿತು. ಹೆಲ್ಮೆಟ್ ಒಡೆದು ಎರಡಾಯಿತು, ತಲೆ ಒಂದೇ ಉಳಿಯಿತು. ಇದೆಲ್ಲ ನನಗೆ ನೆನಪಿಲ್ಲ, ಹೇಳಿದವರು ಬೇರೆ. ಆ ಹೊತ್ತಿಗೆ ಅಲ್ಲಿದ್ದ ಆಟೋದವರೊಬ್ಬರು ಟೆಂಪೋ ನಂಬರನ್ನು ಅಂಗೈ ಮೇಲೆ ಬರೆದುಕೊಂಡು, ನನ್ನನ್ನು ಆಸ್ಪತ್ರೆಗೆ ಸೇರಿಸಿ, ಗಂಡ ಬರುವವರೆಗೂ ಕೈ ತೊಳೆಯದೆ ಕೂತಿದ್ದರಂತೆ. ಆ ಅಂಗೈ ಇಲ್ಲದಿದ್ದರೆ ಮುಂದಿನ ಯಾವ ಕಥೆಯೂ ಇರುತ್ತಿರಲಿಲ್ಲ. ಅವರಿಗೆ ನಾನು ಸರಿಯಾಗಿ ಒಂದು ಲೋಟ ಕಾಫಿಯನ್ನೂ ಕೊಟ್ಟಿಲ್ಲ. ಎರಡು ಸಲ ಕರೆದೆ, ಎರಡು ಸಲವೂ "ಬಾಡಿಗೆ ಇದೆ ಅಕ್ಕ" ಎಂದು ತಪ್ಪಿಸಿಕೊಂಡರು.

ಮಿದುಳಿನ ಮುಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೂರು ದಿನ ಪ್ರಜ್ಞೆ ಇರಲಿಲ್ಲ. ನಾಲ್ಕು ತಿಂಗಳಲ್ಲಿ ಎದ್ದು ಓಡಾಡಿ, ಬೈತಲೆ ತೆಗೆದು ಜಡೆ ಹೆಣೆದುಕೊಂಡು, ನೋಡಿದವರೆಲ್ಲ "ಏನೂ ಆಗೇ ಇಲ್ಲ ಅನ್ನೋ ಹಂಗಿದ್ದೀರಲ್ಲ" ಎನ್ನುವಂತಾದೆ. ಆ ಮಾತು ಕೇಳಿದರೆ ಖುಷಿ ಪಡಬೇಕು, ನನಗೆ ಮೈ ಉರಿಯುತ್ತಿತ್ತು. ಮೂಗಿಗೆ ವಾಸನೆ ಎನ್ನುವುದೇ ಹೋಗಿತ್ತು. ಒಗ್ಗರಣೆ ಸೀದು ಮನೆ ತುಂಬ ಹೊಗೆ ಆದ ಮೇಲೆ ಕಣ್ಣು ಉರಿದು ಗೊತ್ತಾಗುತ್ತಿತ್ತು. ಜಾಲರಿ ಎನ್ನಲು ಹೋಗಿ "ಅದು, ತೂತಿಂದು" ಎನ್ನುತ್ತಿದ್ದೆ. ಮಧ್ಯಾಹ್ನ ಮೂರಾದರೆ ತಲೆಯೊಳಗೆ ಹಿಟ್ಟು ಕಲಸಿಟ್ಟಂತೆ. ಮಿಕ್ಸಿ ಸದ್ದಾದರೆ ಪಿಯುಸಿ ಓದುವ ಮಗಳ ಮೇಲೆ ಬಾಯಿಗೆ ಬಂದಂತೆ ಕೂಗಾಡುತ್ತಿದ್ದೆ. ಮೊದಲೂ ನನಗೆ ಕೋಪ ಮೂಗಿನ ತುದಿಯಲ್ಲೇ ಇತ್ತು, ಆದರೆ ಆಗ ಅದು ನನ್ನ ಮಾತು ಕೇಳುತ್ತಿತ್ತು.

ನರರೋಗದ ಡಾಕ್ಟರು ಬಿಡಿಸಿ ಹೇಳಿದ್ದರು. "ನೋಡಿ, ಈ ಥರ ಪೆಟ್ಟಾದಾಗ ವರ್ಷಗಟ್ಟಲೆ ತೊಂದ್ರೆ ಇರುತ್ತೆ. ಅದ್ರಲ್ಲಿ ಕಷ್ಟದ್ದು ಯಾವ್ದು ಅಂದ್ರೆ, ತಪ್ಪು ಮಾಡಿದ್ದು ನಿಮಗೇ ಗೊತ್ತಾಗದೆ ಇರಬಹುದು."

"ನನಗ ಗೊತ್ತಾಗದ ತಪ್ಪು ಇನ್ನೂ ಹುಟ್ಟಿಲ್ರಿ ಡಾಕ್ಟ್ರೇ" ಎಂದೆ. ಅವರು ನಗಲಿಲ್ಲ.

ಮಿದುಳಿಗೆ ಅಭ್ಯಾಸ ಹೇಳಿಕೊಡುವ ಚಿಕಿತ್ಸೆ ವಾರಕ್ಕೆ ಎರಡು ದಿನ ಬೇಕಿತ್ತು, ಅದೂ ವರ್ಷಾನುಗಟ್ಟಲೆ. ನಮ್ಮಿಬ್ಬರ ಸಂಬಳದಲ್ಲಿ ಅದು ಆಗುವ ಮಾತಾಗಿರಲಿಲ್ಲ. ಟೆಂಪೋದ ವಿಮೆ ಕಂಪನಿ ಕೊಡಬೇಕಾದ್ದು ಕೊಟ್ಟರೆ ಚಿಕಿತ್ಸೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೆ ನಿಲ್ಲುತ್ತದೆ. ಗಂಡ ನನ್ನನ್ನು ಜಾಲಹಳ್ಳಿ ಕ್ರಾಸಿನ ಹತ್ತಿರ, ಬೇಕರಿಯ ಮೇಲಿನ ಒಂದೇ ಕೋಣೆಯ ವಕೀಲರ ಕಚೇರಿಗೆ ಕರೆದುಕೊಂಡು ಹೋದರು. ವಕೀಲ ಮೇಡಂ ನನಗಿಂತ ಚಿಕ್ಕವರು. ನಾನು ಅಲ್ಲೇ ಪದ ಹುಡುಕುತ್ತ ಕೂತಾಗ ಗಡಿಯಾರ ನೋಡಲಿಲ್ಲ, ನನ್ನ ಬದಲು ತಾವೇ ಪದ ಹೇಳಿ ಮುಗಿಸಲಿಲ್ಲ. ಅಷ್ಟಕ್ಕೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

"ಕೈಕಾಲು ಮುರಿದಿದ್ರೆ ಎಕ್ಸ್‌ರೇ ತೋರಿಸಿ ಕೂತ್ಕೋಬಹುದು" ಎಂದರು ಅವರು. "ನಿಮ್ಮದು ಕಣ್ಣಿಗೆ ಕಾಣದ ಗಾಯ. ನಂಬಿಸೋದೇ ನಮ್ಮ ಕೆಲಸ. ಇದ್ದದ್ದು ಇದ್ದಂಗೆ ಹೇಳಿ. ಹೆಚ್ಚೂ ಬೇಡ, ಕಮ್ಮಿಯೂ ಬೇಡ."

ಹೆಚ್ಚು ಹೇಳುವವಳು ನಾನಲ್ಲ ಎಂದು ಎದೆ ತಟ್ಟಿ ಬಂದೆ. ಕಮ್ಮಿ ಹೇಳುವುದರ ಬಗ್ಗೆ ಯೋಚಿಸಲೇ ಇಲ್ಲ.

ಅಷ್ಟರಲ್ಲಿ ನಾನು ಕೆಲಸಕ್ಕೆ ಮರಳಿದ್ದೆ. ಡಾಕ್ಟರ ಚೀಟಿ ತೋರಿಸಿದ್ದಕ್ಕೆ ಮಾಲೀಕರು ಸಂಜೆ ನಾಲ್ಕೂವರೆಗೇ ಬಿಡುತ್ತಿದ್ದರು. ಪಕ್ಕದ ಮೇಜಿನವಳು ಆರರವರೆಗೆ ಇರುತ್ತಿದ್ದಳು. ಅವಳು ಅಲ್ಲೇ ಪೀಣ್ಯದ ಹಿಂದಿನ ಹಳ್ಳಿಯವಳು. ಅವರ ಅಜ್ಜನ ಹೊಲದ ಮೇಲೆ ಈಗ ನಾಲ್ಕು ಶೆಡ್ಡುಗಳಿವೆಯಂತೆ, ಅದರಲ್ಲಿ ಒಂದೂ ಅವಳ ಪಾಲಿಗೆ ಬಂದಿಲ್ಲ. ನನಗಿಂತ ಹತ್ತು ವರ್ಷ ಸಣ್ಣವಳು. ಗೇಜ್ ಹಿಡಿಯಲು ಕಲಿಸಿದ್ದೇ ನಾನು. ತಿರುಗಿಸುವುದು ಮರೆತರೆ ಬೆರಳ ಗೆಣ್ಣಿಗೆ ಅದೇ ಗೇಜಿನಿಂದ ಹೊಡೆಯುತ್ತಿದ್ದೆ. ನಾನು ಕಲಿಸಿದ್ದು ಹೀಗೆ, ಸುಳ್ಳೇಕೆ ಹೇಳಲಿ.

ಎರಡು ವರ್ಷದ ಮೇಲೆ ನ್ಯಾಯಮಂಡಳಿಯಲ್ಲಿ ನನ್ನ ಪಾಟೀಸವಾಲು ಬಂತು. ವಿಮೆ ಕಂಪನಿಯ ವಕೀಲರು ಬಿಳಿ ಕೂದಲಿನ ಗಂಭೀರ ಮನುಷ್ಯ. ಬೈಯುತ್ತಾರೆ ಎಂದುಕೊಂಡು ಹೋದವಳಿಗೆ ಅವರು ಮರ್ಯಾದೆ ಕೊಟ್ಟರು, ನಾನು ಅದಕ್ಕೇ ಸೋತೆ.

"ಹದಿನೇಳು ವರ್ಷ ಒಂದು ತಪ್ಪೂ ಇಲ್ದೆ ಕೆಲಸ ಮಾಡಿದ್ದೀರಂತೆ. ನಿಜಾನಾ ತಾಯಿ?"

"ಹೌದ್ರಿ."

"ಅಪಘಾತ ಆದ್ಮೇಲೆ?"

"ಆಮ್ಯಾಲೂ ಒಂದೂ ವಾಪಸ್ ಬಂದಿಲ್ರಿ" ಎಂದೆ. ಸಾಲದ್ದಕ್ಕೆ, "ಬೇಕಾದ್ರ ರಿಜಿಸ್ಟರ್ ತರಿಸಿ ನೋಡ್ರಿ" ಎಂದೂ ಸೇರಿಸಿದೆ.

ನಮ್ಮ ವಕೀಲ ಮೇಡಂ ಕಣ್ಣು ಮುಚ್ಚಿಕೊಂಡದ್ದು ನನಗೆ ಕಾಣಿಸಿತು. ಯಾಕೆಂದು ಹೊಳೆಯಲಿಲ್ಲ. ಆ ವಕೀಲರು ನನಗೆ ಕೈ ಮುಗಿದು ಕೂತರು. ಮುಂದಿನ ತಾರೀಖಿಗೆ ರಿಜಿಸ್ಟರು ನಿಜಕ್ಕೂ ಬಂತು. ಎರಡು ವರ್ಷದ ಹಾಳೆಗಳಲ್ಲೂ ನನ್ನ ಹೆಸರಿನ ಮುಂದೆ ಆ ಕಾಲಂ ಖಾಲಿ. ಅದೇ ಕೆಲಸ, ಅದೇ ಮೇಜು, ಒಂದು ತಪ್ಪೂ ಇಲ್ಲ. ಹಾಗಿದ್ದಮೇಲೆ ಮಿದುಳಿಗೆ ಯಾವ ನ್ಯೂನತೆ ಎಂದು ಅವರು ಕೇಳಿದರು. ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಹೊರಗೆ ಬಂದ ಮೇಲೆ ಮೇಡಂ, "ಇನ್ನೊಂದು ತಾರೀಖು ಕೇಳ್ಕೊಂಡಿದ್ದೀನಿ. ಆದರೆ ತೋರಿಸೋಕೆ ಕೈಯಲ್ಲೇನೂ ಇಲ್ಲ" ಎಂದು ಮೆಲ್ಲಗೆ ಹೇಳಿದರು. ಗಂಡ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತರು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಇದನ್ನೆಲ್ಲ ಪಕ್ಕದ ಮೇಜಿನವಳಿಗೆ ಹೇಳಿದೆ. ಕೇಸು ಬಿದ್ದುಹೋಗುವ ಹಾಗಿದ್ದರೂ ನನ್ನ ದನಿಯಲ್ಲಿ ಜಂಬ ಇತ್ತು. "ಹಾಳೆ ತಿರುವಿ ತಿರುವಿ ನೋಡಿದ್ರು ನೋಡು, ಒಂದೂ ಸಿಗಲಿಲ್ಲ!" ಅವಳು ಮುದ್ದೆ ಮುರಿದವಳು ಹಾಗೇ ಕೈಯಲ್ಲಿ ಹಿಡಿದುಕೊಂಡು ಕೂತಳು. ಊಟ ಮುಗಿಸದೆ ಡಬ್ಬಿ ಮುಚ್ಚಿದಳು.

ಭಾನುವಾರ ಬೆಳಿಗ್ಗೆ ಅವಳು ಮನೆಗೇ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಕ್ಕ, ನೀವು ಬೈದ್ರೂ ಸರಿ, ಒಡೆದ್ರೂ ಸರಿ. ನಿಮ್ಮ ಟ್ರೇನೆಲ್ಲ ಸಂಜೆ ನಾನು ಇನ್ನೊಂದು ಸಲ ನೋಡ್ತಿದ್ದೆ."

"ಯಾಕ?"

"ಮೊದಲ್ನೇ ವಾರದಾಗೇ ಗೊತ್ತಾಯ್ತು. ನೀವು ಒಂದು ತುದಿ ಆಕಿ ನೋಡ್ತೀರಿ, ತಿರುಗ್ಸೋದು ಮರೀತೀರಿ. ಎಲ್ಲಾ ಪೀಸ್ಗೂ ಅಲ್ಲ, ಅಲ್ಲೊಂದು ಇಲ್ಲೊಂದು. ಅಂಗೇ ಅಸಿರು ಚುಕ್ಕೆ ಇಟ್ಬಿಡ್ತೀರಿ. ನೀವು ಓದ್ಮೇಲೆ ನಾನು ತಿನ್ನರ್ ಆಕಿ ಚುಕ್ಕೆ ಒರ್ಸಿ..."

"ಒರ್ಸಿ?"

"ನನ್ನ ಡಬ್ಬಿಗೆ ಆಕ್ಕೊಳ್ತಿದ್ದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಗೋಡೆಗೆ ಎಸೆದೆ. ಎರಡು ವರ್ಷ ನನ್ನನ್ನು ಕೂಸಿನ ಹಾಗೆ ಆಡಿಸಿದೆಯಾ ಎಂದೆ. ಕಲಿಸಿದವಳಿಗೇ ಪರೀಕ್ಷೆ ಮಾಡುವಷ್ಟು ದೊಡ್ಡವಳಾದೆಯಾ ಎಂದೆ. ಇನ್ನೂ ಏನೇನೋ ಅಂದೆ. ಅದರಲ್ಲಿ ಬರೆಯಲು ನಾಚಿಕೆಯಾಗುವಂಥದ್ದೂ ಇತ್ತು. ಅವಳು ಲೋಟ ಎತ್ತಿ ಸಿಂಕಿನಲ್ಲಿಟ್ಟು ಹೊರಟುಹೋದಳು.

ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ತಡೆಯಲಾರದೆ ಒಂದು ಟ್ರೇ ಎತ್ತಿಕೊಂಡು ಅವಳ ಮೇಜಿನ ಮುಂದೆ ಕೂತೆ. "ನಾ ನೋಡ್ತೇನಿ. ಆಮ್ಯಾಲೆ ನನ್ನ ಕಣ್ಣೆದುರಿಗೇ ನೀ ನೋಡು" ಎಂದೆ. ಐವತ್ತು ಪೀಸುಗಳಿದ್ದವು. ಪರೀಕ್ಷೆಗೆ ಕೂತ ಮಗುವಿನಂತೆ ನಾಲಿಗೆ ಕಚ್ಚಿಕೊಂಡು ಒಂದೊಂದನ್ನೂ ನೋಡಿದೆ. ಒಂದನ್ನೂ ಬಿಟ್ಟಿಲ್ಲವೆಂದು ದೇವರ ಮೇಲೆ ಆಣೆ ಇಡಬಲ್ಲೆ ಎನ್ನಿಸಿತು. ಅವಳು ನನ್ನ ಹಿಂದೆಯೇ ಒಂದೊಂದಾಗಿ ನೋಡುತ್ತ ಬಂದಳು. ಹನ್ನೊಂದನೆಯದು ಕೈಗೆ ಬಂದಾಗ ನಿಂತಳು. ಗೇಜ್ ತಿರುಗಿಸಿ ನನ್ನ ಕೈಗೇ ಕೊಟ್ಟಳು. ಹೋಗಬಾರದ ತುದಿ ಬೆಣ್ಣೆಯೊಳಗೆ ಹೋದ ಹಾಗೆ ಒಳಗೆ ಹೋಯಿತು. ಮೇಲೆ ನಾನೇ ಇಟ್ಟ ಹಸಿರು ಚುಕ್ಕೆ ಇನ್ನೂ ಒಣಗಿರಲಿಲ್ಲ. ಅಂಥವು ಒಟ್ಟು ನಾಲ್ಕು ಸಿಕ್ಕವು.

ಆ ನಾಲ್ಕನ್ನೂ ಅಂಗೈಯಲ್ಲಿಟ್ಟುಕೊಂಡು ಅತ್ತೆ. ಡಾಕ್ಟರು ಹೇಳಿದ್ದು, ಗಂಡ ಹೇಳಿದ್ದು ಯಾವುದೂ ನನ್ನನ್ನು ಮುಟ್ಟಿರಲಿಲ್ಲ. ನನ್ನ ತಲೆಗೆ ಪೆಟ್ಟಾಗಿದೆ ಎಂದು ನಾನು ನಂಬಿದ್ದು ಅವತ್ತೇ. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದಳು. ಲೇತಿನವರೆಲ್ಲ ತಮ್ಮ ತಮ್ಮ ಕೆಲಸದಲ್ಲಿ ಬಹಳ ಮುಳುಗಿದವರಂತೆ ನಟಿಸಿದರು.

ಮನೆಗೆ ಬಂದ ಮೇಲೆ ಒಂದೊಂದೇ ಕಾಣತೊಡಗಿತು. ನಮ್ಮ ಮನೆಯಲ್ಲಿ ಮಿಕ್ಸಿಯ ಸದ್ದು ನಿಂತು ಒಂದೂವರೆ ವರ್ಷವಾಗಿತ್ತು, ಆದರೆ ಚಟ್ನಿ ದಿನಾ ಇತ್ತು. ಮಗಳು ಜಾರು ಎತ್ತಿಕೊಂಡು, ಕೆಳಗಿರುವ ನಮ್ಮ ಬಾಡಿಗೆ ಮನೆಯ ಓನರ ಮನೆಯಲ್ಲಿ ರುಬ್ಬಿಕೊಂಡು ಬರುತ್ತಿದ್ದಳಂತೆ. ಆ ಮನೆಯ ಅಜ್ಜಿ ಅದಕ್ಕೆಂದೇ ಬೆಳಿಗ್ಗೆ ಬಾಗಿಲು ತೆರೆದಿಟ್ಟಿರುತ್ತಿದ್ದರಂತೆ. ಗಂಡ ಅಡಿಗೆಮನೆಯಲ್ಲೇ ಕೂತು ಪೇಪರ್ ಓದುವುದನ್ನು ರೂಢಿ ಮಾಡಿಕೊಂಡಿದ್ದು ಪೇಪರಿನ ಮೋಹಕ್ಕಲ್ಲ, ಸೀದ ವಾಸನೆ ಹಿಡಿಯುವುದಕ್ಕೆ. ನಾನು ಮಾತ್ರ ಎಲ್ಲ ನಾನೇ ಸಂಭಾಳಿಸುತ್ತಿದ್ದೇನೆ ಎಂದುಕೊಂಡು ತಿರುಗುತ್ತಿದ್ದೆ. ನನ್ನ ತಪ್ಪುಗಳನ್ನು ಎಲ್ಲರೂ ಹಂಚಿಕೊಂಡು ತಮ್ಮ ತಮ್ಮ ಡಬ್ಬಿಗೆ ಹಾಕಿಕೊಂಡಿದ್ದರು.

ವಕೀಲ ಮೇಡಂ ಮುಂದೆ ಅವಳನ್ನು ಕೂರಿಸಿದೆವು. ಮೇಡಂ ರಿಜಿಸ್ಟರಿನ ನಕಲುಗಳನ್ನು ಮೇಜಿನ ತುಂಬ ಹರಡಿಕೊಂಡರು. ಇಷ್ಟು ದಿನ ಎಲ್ಲರೂ ನನ್ನ ಹೆಸರಿನ ಸಾಲನ್ನೇ ನೋಡಿದ್ದೆವು. ಅವರು ಬೆರಳನ್ನು ಒಂದು ಸಾಲು ಕೆಳಗೆ ಇಳಿಸಿದರು. ಅಪಘಾತದ ಮೊದಲು ನಮ್ಮಿಬ್ಬರ ಕೆಂಪು ಡಬ್ಬಿಗೂ ಹೆಚ್ಚು ಕಡಿಮೆ ಒಂದೇ ಸಮನೆ ಬೀಳುತ್ತಿದ್ದವು. ನಾನು ಮರಳಿದ ವಾರದಿಂದ ನನ್ನದು ಅರ್ಧಕ್ಕಿಳಿದಿತ್ತು, ಅವಳದ್ದು ಅಷ್ಟೇ ಏರಿತ್ತು. ನಾನು ರಜೆ ಹಾಕಿದ ದಿನ ಅವಳದ್ದು ಮೊದಲಿನಷ್ಟಕ್ಕೇ ಬರುತ್ತಿತ್ತು. ನನ್ನ ವಿರುದ್ಧ ತಂದ ಕಾಗದದಲ್ಲೇ ಎಲ್ಲ ಇತ್ತು.

"ಒಳ್ಳೆ ಪೀಸನ್ನೂ ರಿಜೆಕ್ಟ್ ಮಾಡ್ತೀಯ ಅಂತ ಮ್ಯಾನೇಜರ್ ಬೈತಿದ್ರಲ್ಲ, ಇದಕ್ಕಾ?" ಎಂದು ಅವಳನ್ನು ಕೇಳಿದೆ. ಆ ಬೈಗುಳವನ್ನು ನಾನೂ ಕೇಳಿಸಿಕೊಂಡಿದ್ದೆ. ಒಂದು ಸಲ ಮ್ಯಾನೇಜರ ಪರವಾಗಿ ನಾನೂ ಅವಳಿಗೆ ಬುದ್ಧಿ ಹೇಳಿದ್ದೆ.

"ಓಗ್ಲಿ ಬಿಡಿ ಅಕ್ಕ" ಎಂದಳು.

ಮೇಡಂ ಅವಳಿಗೆ ಏನನ್ನೂ ಮುಚ್ಚಿಡಲಿಲ್ಲ. ಸಾಕ್ಷಿ ಹೇಳಿದರೆ ರಿಜಿಸ್ಟರ್ ತಪ್ಪಾಗಿ ಬರೆದದ್ದನ್ನು ಒಪ್ಪಿಕೊಂಡಂತಾಗುತ್ತದೆ, ಕೆಲಸಕ್ಕೆ ಕುತ್ತು ಬರಬಹುದು, ಮನೆಯಲ್ಲಿ ಕೇಳಿ ಬನ್ನಿ ಎಂದರು. ನಾನು ಬೇಡವೇ ಬೇಡ ಎಂದೆ. ಆ ಹೊತ್ತಿಗೆ ನಿಜವಾಗಿ ಬೇಡ ಎನ್ನಿಸಿತ್ತು. ಅವಳು ಎರಡು ದಿನ ಬಿಟ್ಟು ಬಂದು, "ಯಾವತ್ತು ಬರ್ಬೇಕು ಮೇಡಂ?" ಎಂದು ಕೇಳಿದಳು.

ಅವಳು ಕಟಕಟೆಯಲ್ಲಿ ನಿಂತಾಗ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬಿಳಿ ಕೂದಲಿನ ವಕೀಲರು ಅವಳಿಗೂ ಮರ್ಯಾದೆಯಿಂದಲೇ ಕೇಳಿದರು.

"ಅಂದ್ರೆ ಎರಡು ವರ್ಷ ರಿಜಿಸ್ಟರಲ್ಲಿ ಸುಳ್ಳು ಬರೆದ್ರಿ?"

"ಊಂ ಸಾರ್."

"ಎರಡು ವರ್ಷ ಸುಳ್ಳು ಬರೆದೋರು ಇವತ್ತು ನಿಜ ಹೇಳ್ತಾರೆ ಅಂತ ಕೋರ್ಟು ಹೆಂಗಮ್ಮ ನಂಬಬೇಕು?"

ಅವಳು ನನ್ನ ಕಡೆ ನೋಡಿದಳು. ಆಮೇಲೆ ಹೇಳಿದಳು: "ಸುಳ್ಳು ಬರೆದಾಗ ನಂಗೆ ಬೈಗುಳ ಬಿತ್ತು ಸಾರ್. ಇವತ್ತು ನಿಜ ಏಳಿದ್ರೆ ಕೆಲಸನೇ ಓಗ್ಬೋದು. ಎರಡ್ರಲ್ಲೂ ನಂಗೇನು ಲಾಭ ಐತೆ, ನೀವೇ ಏಳಿ."

ವಕೀಲರು ತಮ್ಮ ಜಾಗಕ್ಕೆ ಹೋಗಿ ಕೂತರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡು, ಈ ಮಾತನ್ನು ಸಾಕ್ಷಿ ಹೇಳಿದ ಹಾಗೇ ಬರೆದುಕೊಳ್ಳಿ ಎಂದು ಬೆರಳಚ್ಚಿನವರಿಗೆ ಹೇಳಿದರು.

ಮಾಲೀಕರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಕರೆದು ಕೂರಿಸಿ ಒಂದು ಗಂಟೆ ಬೈದು, ಎಚ್ಚರಿಕೆಯ ಪತ್ರ ಕೊಟ್ಟರು. ಗಿರಾಕಿಗೆ ಒಂದೂ ಕೆಟ್ಟ ಪೀಸು ಹೋಗಿಲ್ಲ ಎನ್ನುವುದು ಅವಳನ್ನು ಕಾಪಾಡಿತು. ಆ ಪತ್ರವನ್ನು ಅವಳು ಮಡಿಸಿ ಊಟದ ಚೀಲದಲ್ಲಿಟ್ಟುಕೊಂಡಳು. ಆರು ತಿಂಗಳ ಮೇಲೆ ತೀರ್ಪು ಬಂತು. ನನ್ನ ಗಾಯ ನಿಜವೆಂದು, ತಪ್ಪು ತನಗೇ ತಿಳಿಯದಿರುವುದೂ ಆ ಗಾಯದ ಭಾಗವೆಂದು ನ್ಯಾಯಮಂಡಳಿ ಒಪ್ಪಿತು. ವಿಮೆ ಕಂಪನಿ ಮೇಲಿನ ಕೋರ್ಟಿಗೆ ಹೋಗದೆ ಪರಿಹಾರದ ಹಣ ಕಟ್ಟಿತು. ಚಿಕಿತ್ಸೆ ಈಗಲೂ ನಡೆಯುತ್ತಿದೆ. ಜಾಲರಿಗೆ ಜಾಲರಿ ಎನ್ನುತ್ತೇನೆ, ಹತ್ತರಲ್ಲಿ ಎಂಟು ಸಲ. ವಾಸನೆ ಮಾತ್ರ ಬಂದಿಲ್ಲ, ಬರುವುದೂ ಇಲ್ಲವಂತೆ. ಸಿಟ್ಟು ಬಂದರೆ ಈಗ ಬಾಲ್ಕನಿಗೆ ಹೋಗಿ ನಿಲ್ಲಬೇಕೆಂದು ಕಲಿಸಿದ್ದಾರೆ. ಬಾಲ್ಕನಿಯಲ್ಲಿ ನಾನು ಜಾಸ್ತಿ ಇರುತ್ತೇನೆಂದು ಮಗಳು ರೇಗಿಸುತ್ತಾಳೆ.

ನನ್ನನ್ನು ಪ್ಯಾಕಿಂಗಿಗೆ ಹಾಕಿ ಎಂದು ನಾನೇ ಮಾಲೀಕರನ್ನು ಕೇಳಿದೆ. ಅವರು ಅರ್ಧ ದಿನ ಪ್ಯಾಕಿಂಗ್, ಅರ್ಧ ದಿನ ಮೇಜು ಎಂದರು. ಸಂಬಳ ಸ್ವಲ್ಪ ಇಳಿಯಿತು, ಇಳಿಯಬೇಕಾದ್ದೇ. ನಾನು ನೋಡಿದ ಟ್ರೇಯನ್ನು ಇನ್ನೊಬ್ಬರು ನೋಡಲೇಬೇಕೆಂದು ರಿಜಿಸ್ಟರಿನಲ್ಲಿ ಸ್ಕೇಲಿಟ್ಟು ಹೊಸ ಕಾಲಂ ಎಳೆಸಿದರು. ಎರಡನೆಯ ಸಲ ನೋಡಿದಾಗ ಸಿಕ್ಕಿದ್ದನ್ನು ಅಲ್ಲಿ ನನ್ನ ಹೆಸರಿನ ಮುಂದೆ ಬರೆದು, ನೋಡಿದವರು ಸಹಿ ಹಾಕಬೇಕು.

ಮೊದಲ ದಿನ ಅವಳು ನನ್ನ ಟ್ರೇ ನೋಡಿ ಮುಗಿಸಿದಾಗ ನಾಲ್ಕೂವರೆ ದಾಟಿತ್ತು. ನಾನು ಮನೆಗೆ ಹೋಗದೆ ಕಾದಿದ್ದೆ. ಏಳು ಪೀಸು ಸಿಕ್ಕಿದ್ದವು. ಅವಳು ತಿನ್ನರ್ ಬಟ್ಟೆ ಹಿಡಿದು ಏಳರ ಚುಕ್ಕೆಯನ್ನೂ ಒರೆಸಿದಳು, ಪೆನ್ನು ಎತ್ತಿಕೊಂಡಳು. ಆದರೆ ಬರೆಯಲು ಅವಳ ಕೈ ಬರಲಿಲ್ಲ. ಹದಿನೇಳು ವರ್ಷದ ಖಾಲಿ ಜಾಗದ ಬಗ್ಗೆ ನಾನು ಎಷ್ಟು ಸಲ ಕೊರೆದಿದ್ದೆನೋ, ಎಲ್ಲ ಅವಳಿಗೆ ನೆನಪಾಗಿರಬೇಕು.

"ಇವತ್ತೊಂದಿನ ನನ್ನ ಡಬ್ಬಿಗೇ ಆಕ್ಕೊಳ್ಳಾ ಅಕ್ಕ?" ಎಂದಳು.

"ಕೈ ಗೆಣ್ಣು ಮುಂದ ಹಿಡಿ" ಎಂದೆ. ಅವಳು ನಗುತ್ತ ಹಿಡಿದಳು. ಹೊಡೆಯಲಿಲ್ಲ. ಪೆನ್ನು ಕಿತ್ತುಕೊಂಡು, ನನ್ನ ಹೆಸರಿನ ಮುಂದೆ ಏಳು ಎಂದು ನಾನೇ ಬರೆದೆ. ಅವಳು ಅದರ ಪಕ್ಕದಲ್ಲಿ ಸಹಿ ಹಾಕಿದಳು.